ಒಣ ಬೆನ್ನು

"ಬಾಗಿಲು ಹಾಕಿ!" ಎಂದಳು ಬ್ರೆಡ್ ಕಾರ್ಖಾನೆಯ ಒಡತಿ. ಒಲೆಕೋಣೆಯ ಬಾಗಿಲು ಧಡಾರನೆ ಮುಚ್ಚಿತು. ಒಳಗೆ ಹೊಸ ನೀಲಿ ಅಂಗಿ ತೊಟ್ಟ ಅಳಿಯ. ಬಾಗಿಲಿನ ಗಾಜಿನ ಈಚೆ, ಆ ಅಂಗಿಯ ಬಟ್ಟೆ ನೇಯ್ದ ಮಾವ, ಮಗ್ಗದ ಮೇಸ್ತ್ರಿ. ಒಲೆಯೆಂದರೆ ಎಂಥ ಒಲೆ! ಸೂರ್ಯನೇ ದಾರಿ ತಪ್ಪಿ ಆ ಕೋಣೆಗೆ ಬಂದಿದ್ದರೂ ಮೊದಲು ಒಂದು ಚೊಂಬು ನೀರು ಕೇಳುತ್ತಿದ್ದ. ಬ್ರೆಡ್ ಬೇಯುವವರೆಗೆ ಅಳಿಯ ತಡೆದುಕೊಂಡರೆ ಕಾರ್ಖಾನೆಯವರೆಲ್ಲರ ಮೈಮೇಲೆ ಮಾವನ ಬಟ್ಟೆ. ಇಲ್ಲವಾದರೆ ಮಾವನ ಮಗ್ಗಗಳಿಗೆ ಬೀಗ.

ಈ ಮೇಸ್ತ್ರಿಯೆಂದರೆ ಸಾಮಾನ್ಯನಲ್ಲ. ಅವನ ಜಂಬಕ್ಕೇ ಒಂದು ಅಂಗಿ ಹೊಲಿಸಬೇಕೆಂದರೆ ಊರಿನ ಬಟ್ಟೆಯೆಲ್ಲ ಸಾಲದು. ಅವನು ಮೊದಲ ಸಲ ತಂದಿದ್ದ ಬಟ್ಟೆ ನಿಜಕ್ಕೂ ಚಿನ್ನದಂಥದ್ದು. ಪಾಲಿಯೆಸ್ಟರೇ, ಆದರೆ ಎಳೆಯ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳು, ನೇಯ್ಗೆಯೂ ಸಡಿಲ. ಬೆವರು ಆ ಕಾಲುವೆ ಹಿಡಿದು ಹೊರಗೆ ಬಂದು ಗಾಳಿಗೆ ಆರುತ್ತಿತ್ತು, ಮೈ ತಣ್ಣಗಾಗುತ್ತಿತ್ತು. ಒಡತಿಗೆ ಗೊತ್ತಿದ್ದದ್ದು ಮಾತ್ರ ಒಂದೇ ಪರೀಕ್ಷೆ: ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುವುದು.

"ಇದೇನ್ ಮೇಸ್ತ್ರಿ, ಜರಡಿ ತಂದಿದ್ದೀರಾ? ಹಿಟ್ಟು ಸೋಸೋಕಾ?"

ಎಲ್ಲರೂ ನಕ್ಕರು. ಆ ನಗುವಿಗೆ ಮೇಸ್ತ್ರಿಯ ಹೊಟ್ಟೆಯಲ್ಲಿ ಬಿದ್ದ ಬೆಂಕಿಯಲ್ಲಿ ನೂರು ಬ್ರೆಡ್ ಬೇಯಿಸಬಹುದಿತ್ತು. ಕಾಲುವೆಯ ಎಳೆಯನ್ನು ಮೂಲೆಗೆಸೆದ, ಗಾಜಿನಂತೆ ನುಣುಪಾದ ಎಳೆ ತಂದ, ಹೊಕ್ಕಿನ ಮೇಲೆ ಹೊಕ್ಕು ಜಡಿದ. ಕಚ್ಚಲು ಬಂದ ಸೊಳ್ಳೆ ಮೂತಿ ಮುರಿದುಕೊಂಡು ಹೋಗಬೇಕು, ಅಷ್ಟು ಬಿಗಿ! ಈ ಸಲ ಬೆಳಕು ತೂರಲಿಲ್ಲ. ಒಡತಿ ತಲೆದೂಗಿದಳು. ಗಾಳಿಯೂ ತೂರುವುದಿಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅದೇ ಒಲೆಕೋಣೆಯಲ್ಲಿ ದುಡಿಯುವ ಅಳಿಯ "ನಮ್ಮ ಮಾವನ ಬಟ್ಟೆ, ನಾನೇ ಹಾಕ್ಕೊಂಡು ನಿಲ್ತೀನಿ" ಎಂದು ಮುಂದೆ ಬಂದಾಗಲೂ ಬಿಡಲಿಲ್ಲ.

"ಅವನ ಬೆನ್ನು ನೋಡಿ ಮೇಸ್ತ್ರಿ!" ಈಗ ಗಾಜಿನೊಳಗೆ ಇಣುಕುತ್ತಿದ್ದ ಒಡತಿಗೆ ಖುಷಿಯೋ ಖುಷಿ. "ಒಂಚೂರೂ ಒದ್ದೆ ಆಗಿಲ್ಲ. ಹಳೇ ಅಂಗಿ ಆಗಿದ್ರೆ ಇಷ್ಟೊತ್ತಿಗೆ ಹಿಂಡಬಹುದಿತ್ತು."

ಮೇಸ್ತ್ರಿ ನೋಡುತ್ತಿದ್ದದ್ದೂ ಅದನ್ನೇ. ಬೆನ್ನು ಒದ್ದೆಯಾಗಿದ್ದರೆ ಅವನು ನೆಮ್ಮದಿಯಿಂದ ಉಸಿರು ಬಿಡುತ್ತಿದ್ದ. ಹೊರಗೆ ಒಣಗಿದೆಯೆಂದರೆ ಒಳಗೆ ಕುದಿಯುತ್ತಿದೆ ಎಂದರ್ಥ. ಅಳಿಯನ ತೋಳಿನ ತುದಿಯಿಂದ ಬೆವರು ನಲ್ಲಿ ಬಿಟ್ಟಂತೆ ನೆಲಕ್ಕೆ ಸುರಿಯುತ್ತಿತ್ತು. ಮುಖ ಕೆಂಡವಾಗಿತ್ತು.

"ಸಾಕು ಮೇಡಂ, ಆಚೆ ಕರೀರಿ."

"ಇನ್ನೂ ಬೆಂದಿಲ್ಲ."

"ಯಾರು, ಬ್ರೆಡ್ಡಾ, ನನ್ನ ಅಳಿಯನಾ?"

ಒಡತಿ ತಿರುಗಿ ನೋಡಿದಳು. "ಯಾಕ್ ಹೀಗಾಡ್ತೀರಿ? ನಿಮ್ಮ ಬಟ್ಟೆ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಮೇಸ್ತ್ರಿ ಗಾಜಿಗೆ ಹಣೆ ಹಚ್ಚಿದ. ಒಂದು ಮಾತು ಆಡಿದರೆ ಮಗ್ಗಗಳೆಲ್ಲ ನಿಲ್ಲುತ್ತವೆ. ಒಳಗೆ ಅಳಿಯ ಟ್ರೇ ಎಳೆಯುವ ಕೋಲಿಗೆ ಕೈ ಚಾಚಿದ; ಕೈ ಗಾಳಿಯನ್ನು ಹಿಡಿಯಿತು. ಮತ್ತೆ ಚಾಚಿದ, ಮುಗ್ಗರಿಸಿದ, ಗೋಡೆಗೆ ಒರಗಿದ. ಅಲ್ಲಿಂದಲೇ ಗಾಜಿನತ್ತ ನೋಡಿ, ಪರವಾಗಿಲ್ಲ ಎಂಬಂತೆ ನಕ್ಕ. ತುಟಿ ಸುಣ್ಣದಂತಾಗಿತ್ತು.

"ಇಲ್ಲ!" ಮೇಸ್ತ್ರಿ ಕೂಗಿದ ರಭಸಕ್ಕೆ ಒಲೆಯೊಳಗಿನ ಬ್ರೆಡ್ಡೆಲ್ಲ ಒಮ್ಮೆ ಎದ್ದು ಕೂತಿರಬೇಕು. "ನಂಬಿಕೆ ಇಲ್ಲ! ಅದು ಉಸಿರಾಡಲ್ಲ, ನಾನೇ ಕೆಡಿಸಿದ್ದು!"

ಬಾಗಿಲು ಒದ್ದು, ಕುಸಿಯುತ್ತಿದ್ದ ಅಳಿಯನನ್ನು ಹೊರಗೆ ಎಳೆದು ತಂದ. ಅಂಗಿ ಹರಿಯಲು ನೋಡಿದರೆ ಹರಿಯಲೊಲ್ಲದು. ಆನೆ ಎಳೆದರೂ ಹರಿಯದಂತೆ ನೇಯ್ದವನು ಅವನೇ ತಾನೆ? ಗುಂಡಿಗಳನ್ನು ಕಿತ್ತ. ಅಂಗಿ ತೆರೆದಾಗ ಅಳಿಯನ ಎದೆಯಿಂದ ಹಬೆ ಎದ್ದಿತು. ಮೇಸ್ತ್ರಿ ತಲೆಗೆ ನೀರು ಸುರಿದ, ಕೆನ್ನೆ ತಟ್ಟಿದ; ಎಷ್ಟೋ ಹೊತ್ತಿನ ಮೇಲೆ ಅಳಿಯ ಕಣ್ಣು ಬಿಟ್ಟ.

"ಆಗ್ತಿಲ್ಲ ಅಂತ ಒಂದ್ ಮಾತು ಕೂಗೋಕೇನಾಗಿತ್ತೋ ನಿಂಗೆ?" ಮೇಸ್ತ್ರಿ ಗದರಿದ.

"ನೀವು ಎದುರಿಗೇ ನಿಂತು ನೋಡ್ತಿದ್ರಲ್ಲ ಮಾವ," ಎಂದ ಅಳಿಯ. "ಏನಾದ್ರೂ ಹೆಚ್ಚುಕಮ್ಮಿ ಇದ್ದಿದ್ರೆ, ನೀವೇ ಬಿಚ್ಚಿಸ್ತಿದ್ರಿ ಅಂದ್ಕೊಂಡೆ."