ಬೀಗರ ಪಕ್ಕದಲ್ಲಿ

ಕಣ್ಣಿನ ಪೊರೆ ಆಪರೇಷನ್‌ಗೆ ಇಬ್ಬರು ಬೀಗರೂ ಒಂದೇ ದಿನ ಆಸ್ಪತ್ರೆಗೆ ಬಂದು, ಹಸಿರು ಟೋಪಿ ಹಾಕಿಕೊಂಡು ಒಂದೇ ಬೆಂಚಿನ ಮೇಲೆ ಕೂತಿದ್ದರು. ಸಿಸ್ಟರ್ ಮೊದಲು ಹೆಣ್ಣಿನ ತಂದೆಯ ಹತ್ತಿರ ಬಂದಳು.

"ಯಜಮಾನ್ರೇ, ಯಾವ ಮಾತ್ರೆ ತಗೊಳ್ತೀರಿ?"

"ಬಿಪಿದು."

"ಮೂತ್ರ ಕಟ್ಟೋದಕ್ಕೆ, ಪ್ರಾಸ್ಟೇಟ್‌ಗೆ ಏನಾದ್ರೂ? ಆ ಮಾತ್ರೆಯಿಂದ ಕಣ್ಣಿನ ಪಾಪೆ ಸಡಿಲ ಆಗುತ್ತೆ. ಮೊದ್ಲೇ ಹೇಳದಿದ್ರೆ ಆಪರೇಷನ್ ಮಧ್ಯೆ ಕಷ್ಟ."

ಮೂರು ವರ್ಷದಿಂದ ಅವರು ಆ ಮಾತ್ರೆ ದಿನಕ್ಕೊಂದು ನುಂಗುತ್ತಿದ್ದರು. ಮಗಳ ಮಾವನ ಮೊಣಕಾಲು ಅವರ ಮೊಣಕಾಲಿಗೆ ತಾಗುತ್ತಿತ್ತು.

"ಅಂಥದ್ದೇನೂ ಇಲ್ಲಮ್ಮ."

"ನಮ್ಮಂಥೋರಿಗೆ ಎಲ್ಲಿಯ ಕಾಯಿಲೆ, ಬೀಗರೇ," ಎಂದು ಗಂಡಿನ ತಂದೆ ಮೀಸೆ ಸವರಿಕೊಂಡರು.

ಒಳಗೆ ಹೆಣ್ಣಿನ ತಂದೆಯ ಮುಖದ ಮೇಲೆ ಬಟ್ಟೆ ಹೊದಿಸಿ, ಕಣ್ಣಿಗೊಂದು ತೂತು ಬಿಟ್ಟರು. ಇನ್ನೊಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಉಳಿದದ್ದು ಇದೊಂದೇ.

"ಅಲ್ಲಾಡಬೇಡಿ. ಶುರು ಮಾಡ್ತೀನಿ," ಎಂದರು ಡಾಕ್ಟರು.

ಅವರು ಬಟ್ಟೆಯ ಕೆಳಗಿನಿಂದ ಕೈ ಎತ್ತಿದರು.

"ಡಾಕ್ಟ್ರೇ, ನಿಲ್ಸಿ. ನಾನು ಸುಳ್ಳು ಹೇಳ್ದೆ. ಆ ಪ್ರಾಸ್ಟೇಟ್ ಮಾತ್ರೆ ತಗೊಳ್ತೀನಿ. ಪಕ್ಕದಲ್ಲಿ ಬೀಗರಿದ್ರು, ನಾಚಿಕೆ ಆಯ್ತು."

ಡಾಕ್ಟರ ಕೈ ನಿಂತಿತು.

"ಈಗಲಾದ್ರೂ ಹೇಳಿದ್ರಲ್ಲ. ಅದಕ್ಕೆ ಬೇರೆ ಔಷಧಿ ಹಾಕಿ, ನಿಧಾನಕ್ಕೆ ಮಾಡ್ತೀನಿ. ಹೆದರಬೇಡಿ."

"ನಮ್ಮ ಬೀಗರಿಗೆ ಮಾತ್ರ ಗೊತ್ತಾಗೋದು ಬೇಡ."

ಅಷ್ಟರಲ್ಲಿ ಬಾಗಿಲು ತೆರೆದು, ಸಿಸ್ಟರ್ ದನಿ ಕೇಳಿಸಿತು.

"ಡಾಕ್ಟ್ರೇ, ಹೊರಗಿರೋ ಯಜಮಾನ್ರೂ ಅದೇ ಮಾತ್ರೆ ತಗೊಳ್ತಾರಂತೆ. ಇವರು ಒಳಗೆ ಹೋದ್ಮೇಲೆ ಹೇಳೋಣ ಅಂತ ಕಾಯ್ತಾ ಕೂತಿದ್ರಂತೆ."