ಬೆಂದ ದುಡ್ಡು

ನಮ್ಮೂರಿನ ದುಡ್ಡು ಬದನೆಕಾಯಿ, ಪಕ್ಕದೂರಿನದು ಗೆಣಸು. ಬದನೆ ಬಾಡುವ ಮುಂಚೆ ಗೆಣಸಿಗೆ ಬದಲಾಯಿಸಿಕೊಳ್ಳಬೇಕು, ಇದು ವಿನಿಮಯ ಕಲಿಯುವವರಿಗೆ ಮೊದಲ ಪಾಠ. ಹೊಸಬಳಾದ ನಾನು ತಡ ಮಾಡಿದೆ. ಕೈಯಲ್ಲಿದ್ದ ಆರು ಬದನೆಯೂ ಬಾಡಿದವು. ಅವನ್ನು ಹೆಚ್ಚಿ, ಎಣ್ಣೆ, ಉಪ್ಪು, ಜೀರಿಗೆ ಸವರಿ ಓವನ್ನಿಗಿಟ್ಟೆ. ದುಡ್ಡಿನ ರುಚಿ ಹೇಗಿರುತ್ತೋ ನೋಡೇಬಿಡೋಣ ಅನ್ನಿಸಿತ್ತು.

ಘಮ ಹಿಡಿದು ವಿನಿಮಯ ಕಚೇರಿಯ ಪುಟ್ಟಮಾದಯ್ಯನವರು ಒಳಗೇ ಬಂದರು.

"ಏನಮ್ಮಾ ಸರಸಮ್ಮ, ದುಡ್ಡು ಬೇಯಿಸ್ತಿದ್ದೀಯಾ? ಜೈಲಾಗುತ್ತೆ!"

"ಬಾಡಿದ್ದು ಸಾರ್, ಯಾರೂ ತಗೊಳ್ಳಲ್ಲ. ನೀವೂ ಒಂದು ಚೂರು ನೋಡಿ."

"ಮೂವತ್ತು ವರ್ಷದ ನೌಕರೀಲಿ ಒಂದು ದಿನಾನೂ ದುಡ್ಡು ತಿಂದವನಲ್ಲ ನಾನು!"

ಆದರೂ ಬಿಸಿಬಿಸಿ ಹೋಳೊಂದನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ಅಗಿದರು. ಆಮೇಲೆ ತಟ್ಟೆಯನ್ನೇ ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮ ಆಫೀಸಿನವರು ದುಡ್ಡು ತಿನ್ನೋದನ್ನ ಯಾಕೆ ಬಿಡಲ್ಲ ಅಂತ ಇವತ್ತು ಗೊತ್ತಾಯ್ತಮ್ಮ."