ಆನೆಯ ಬಾಲದ ಬಣ್ಣ

ಅಳಿಸಿಹೋದ ಭಿತ್ತಿಚಿತ್ರದಲ್ಲಿ ಆನೆಯ ಬಾಲ ನೀಲಿಯಿತ್ತೋ ಹಸಿರಿತ್ತೋ ಎಂಬುದಕ್ಕಿಂತ ಗಹನವಾದ ಪ್ರಶ್ನೆ ಅಂದು ಕಲಾಶಾಲೆಯಲ್ಲಿ ಇರಲಿಲ್ಲ. ಆ ಚಿತ್ರದ ಮೇಲೆ ಪ್ರಬಂಧ ಬರೆಯುತ್ತಿದ್ದ ಶಾಂಭವಿಯ ಪದವಿ ಆ ಬಾಲಕ್ಕೇ ಜೋತುಬಿದ್ದಿತ್ತು. ಅವಳು ಗ್ರಂಥಾಲಯದ ಎರಡು ಪುಸ್ತಕಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ವಿಚಾರಿಸಿದಳು. ಒಟ್ಟಿಗಿಟ್ಟರೆ ಪುಸ್ತಕಗಳು ಪಿಸುಗುಟ್ಟಿ ಸಾಕ್ಷಿ ಹೊಂದಿಸಿಕೊಳ್ಳುತ್ತವೆ.

“ನೀಲಿ” ಎಂದವು ಎರಡೂ.

“ಇಬ್ರೂ ಒಪ್ಯಾರಲ್ಲವಾ, ಬರದು ಮುಗಸು” ಎಂದರು ಗ್ರಂಥಪಾಲಕ ಮೆಹಬೂಬ್ ಸರ್.

“ನೀಲಿ ಅನ್ನೋ ಮುಂದ ಇಬ್ರೂ ಒಂದೇ ಥರಾ ಕೆಮ್ಮಿದ್ರು ಸರ್.”

ಶಾಂಭವಿ ದಪ್ಪ ಪುಸ್ತಕದ ಬಳಿ ಮರಳಿದಳು. “ಖರೇ ಹೇಳು, ಬಾಲ ನೀನ ನೋಡೀಯೇನು?”

“ನಾ ಎಲ್ಲಿ ನೋಡ್ಲವ್ವಾ? ಆ ತೆಳ್ಳಗಿನವ ಹೇಳಿದ್ದ.”

ಇನ್ನೊಂದು ಕೋಣೆಗೆ ಹೋಗಿ ಕೇಳಿದಾಗ ತೆಳ್ಳಗಿನದು ಗೊಣಗಿತು: “ನನಗ ಆ ದಪ್ಪನವನ ಹೇಳಿದ್ದು.”

‘ಬಣ್ಣ ತಿಳಿದಿಲ್ಲ’ ಎಂದು ಶಾಂಭವಿ ಪ್ರಬಂಧದಲ್ಲಿ ಬರೆದಳು. ಪುಸ್ತಕ ಓದಿಲ್ಲವೆಂದು ಪರೀಕ್ಷಕರು ಅವಳನ್ನು ಫೇಲು ಮಾಡಿದರು.